ಬಾಗಿಲ ಮುಂದಿನ ಮೆಟ್ಟು

ನಮ್ಮ ಕಡೆ ಯಾವ ಪಕ್ಷದ ಗಾಳಿ ಬೀಸುತ್ತಿದೆ ಎಂದು ತಿಳಿಯಲು ಪತ್ರಿಕೆ ಓದಬೇಕಾಗಿಲ್ಲ. ಟೀವಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಾಡುವುದನ್ನು ಕೇಳಬೇಕಾಗಿಯೂ ಇಲ್ಲ. ಬೆಳಿಗ್ಗೆ ಹಾಲು ತರಲು ಹೋದಾಗ ಮುಖಂಡರ ಮನೆ ಬಾಗಿಲಲ್ಲಿ ಬಿಟ್ಟಿರುವ ಚಪ್ಪಲಿಗಳನ್ನು ನೋಡಿಕೊಂಡು ಬಂದರೆ ಸಾಕು. ಗೆಲ್ಲುವ ಸೂಚನೆ ಇದ್ದರೆ ಚಪ್ಪಲಿಗಳು ಮೆಟ್ಟಿಲು ಇಳಿದು, ಅಂಗಳ ದಾಟಿ, ಬೀದಿಯ ಚರಂಡಿಯವರೆಗೆ ಬಂದಿರುತ್ತವೆ. ಸೋತ ಮಾರನೆಯ ದಿನ ಅದೇ ಮೆಟ್ಟಿಲ ಮೇಲೆ ಬೆಕ್ಕು ಮಲಗಿರುತ್ತದೆ. ಟಿಕೆಟ್ ಕೈತಪ್ಪಿದೆ ಎಂಬ ಸುದ್ದಿ ಪತ್ರಿಕೆಗೆ ಬರುವುದಕ್ಕೆ ಮೊದಲೇ ಚಪ್ಪಲಿಗಳಿಗೆ ಗೊತ್ತಾಗಿ, ಅವು ರಾತ್ರೋರಾತ್ರಿ ಎದುರು ಬೀದಿಯ ಇನ್ನೊಂದು ಮನೆಗೆ ಪಕ್ಷಾಂತರ ಮಾಡಿರುತ್ತವೆ. ನಾನು ಗುಂಡ್ಲುಪೇಟೆ ಕಡೆಯ ಬೇಗೂರಿನಲ್ಲಿ ಕುಳಿತು ಈ ಲೆಕ್ಕದ ಮೇಲೆ ಹೇಳಿದ ಭವಿಷ್ಯ ಇದುವರೆಗೆ ಹೆಚ್ಚು ತಪ್ಪಿಲ್ಲ. ಹೆಂಡತಿ ಗೌರಿ ಮಾತ್ರ, "ಹಾಲು ತರಕ್ಕೆ ಹೋದೋರು ಊರ ಮೆಟ್ಟೆಲ್ಲ ನೋಡ್ಕೊಂಡು ಬತ್ತೀರಲ್ಲ, ಜನ ಏನಂದ್ಕೊಂಡಾರು" ಎನ್ನುತ್ತಾಳೆ.

ಚಪ್ಪಲಿಗೆ ನಮ್ಮ ಕಡೆ ಮೆಟ್ಟು ಎನ್ನುತ್ತೇವೆ. ನಾಯಕತ್ವಕ್ಕೆ ಬಾಗಿಲ ಮುಂದಿನ ಮೆಟ್ಟೇ ಅಳತೆಯಾದರೆ ನನ್ನದು ಬಹಳ ಬಡ ನಾಯಕತ್ವ. ನನ್ನದೊಂದು ಜೊತೆ, ಗೌರಿಯದೊಂದು ಜೊತೆ, ಅದರಲ್ಲೂ ಒಂದೊಂದು ಕಾಲಿನದನ್ನು ಬೀದಿ ನಾಯಿ ಆಗಾಗ ಪ್ರವಾಸ ಕರೆದುಕೊಂಡು ಹೋಗುತ್ತದೆ. ನಿವೃತ್ತ ಪೌರನೀತಿ ಮೇಷ್ಟರ ಮನೆಗೆ ಇನ್ಯಾರು ಬರುತ್ತಾರೆ? ವಿಧಾನಸಭೆ ಹೇಗೆ ರಚನೆಯಾಗುತ್ತದೆ, ಸದಸ್ಯನಾಗಲು ಏನೇನು ಅರ್ಹತೆ ಬೇಕು ಎಂದು ನೌಕರಿಯುದ್ದಕ್ಕೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಆ ಪಾಠ ಮಾಡುವಾಗ ನನ್ನ ದನಿ ಬೇರೆ ಪಾಠಗಳಿಗಿಂತ ಸ್ವಲ್ಪ ಏರುತ್ತಿತ್ತಂತೆ. ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಹೇಳಿದ. ಏರದೆ ಏನು? ಆ ಅರ್ಹತೆಗಳೆಲ್ಲ ನನಗೆ ಇದ್ದವಲ್ಲ!

ಎಮ್ಮೆಲ್ಲೆಯಾಗುವ ಆಸೆ ಹುಟ್ಟಿದ್ದು ಹುಣಸೆ ಬೀಜದಲ್ಲಿ. ಬೇಗೂರಿನ ಸ್ಕೂಲಿನ ಹಿಂದೆ ನಾವು ಹುಡುಗರು ಎಲೆಕ್ಷನ್ ಆಟ ಆಡುತ್ತಿದ್ದೆವು. ಹುಣಸೆ ಬೀಜವೇ ಓಟು, ಒಡೆದ ಮಡಕೆಯೇ ಪೆಟ್ಟಿಗೆ. ತಲೆಗೊಂದು ಬೀಜ ಎಂಬುದು ನಿಯಮ. ನಾಗಮಲ್ಲ ಎಂಬ ನನ್ನ ಗೆಳೆಯ ಮಾತ್ರ ಚಡ್ಡಿ ಜೇಬಿನ ತುಂಬ ಬೀಜ ತಂದು ಎಲ್ಲವನ್ನೂ ನನ್ನ ಮಡಕೆಗೆ ಸುರಿಯುತ್ತಿದ್ದ. ಕಳ್ಳ ಓಟು ಎಂದು ಬೇರೆಯವರು ಜಗಳಕ್ಕೆ ಬಂದರೆ, "ಇಂವ ಗೆಲ್ಲೋಗಂಟ ಆಕ್ತಿನಿ ಕಣ್ಲಾ, ಏನೀಗ?" ಎನ್ನುತ್ತಿದ್ದ. ಆಟ ಮುಗಿದ ಮೇಲೆ ಓಟುಗಳನ್ನೆಲ್ಲ ಸುಟ್ಟು ತಿನ್ನುತ್ತಿದ್ದೆವು.

ಕಾಲೇಜಿಗೆ ಇಬ್ಬರೂ ಚಾಮರಾಜನಗರಕ್ಕೆ ಹೋದೆವು. ಮೈಸೂರಿನಿಂದ ಬರುವ ರೈಲು ಅಲ್ಲಿಗೆ ಬಂದು ನಿಂತುಬಿಡುತ್ತದೆ, ಮುಂದಕ್ಕೆ ಹಳಿಯಿಲ್ಲ. ಸಂಜೆ ನಾವು ಆ ಹಳಿ ಮುಗಿಯುವ ಜಾಗದಲ್ಲಿ ಕಡಲೆಕಾಯಿ ತಿನ್ನುತ್ತ ಕೂತು ನಾನು ವಿಧಾನಸೌಧಕ್ಕೆ ಹೋಗುವ ದಾರಿಯನ್ನು ಮಾತಾಡುತ್ತಿದ್ದೆವು. ಈ ಊರಿಗೆ ಬಂದ ದೊಡ್ಡವರ ಕುರ್ಚಿ ಉಳಿಯುವುದಿಲ್ಲವೆಂದು ಒಂದು ಮಾತಿದೆ, ಕೇಳಿರುತ್ತೀರಿ. ಒಂದು ಗಳಿಗೆ ಬಂದು ಹೋದವರಿಗೇ ಹಾಗಾದರೆ, ಅಲ್ಲೇ ರೂಮು ಮಾಡಿಕೊಂಡು ಡಿಗ್ರಿ ಮುಗಿಸಿದ ನನ್ನ ಗತಿ ಏನಾಗಬೇಕು? ಕುರ್ಚಿ ನನ್ನ ಹತ್ತಿರ ಬರುವುದಕ್ಕೂ ಹೆದರಿರಬೇಕು. ಆದರೂ ಕಾಲೇಜು ಸಂಘದ ಕಾರ್ಯದರ್ಶಿಯಾಗಿ ಗೆದ್ದೆ. ನಾಗಮಲ್ಲ ಪಿಯುಸಿಯಲ್ಲಿ ಫೇಲಾಗಿ ಊರಿಗೆ ಹೋಗಿದ್ದವನು ಆ ದಿನ ಚೆಂಡುಹೂವಿನ ಹಾರ ಹೊತ್ತು ಬಸ್ಸಿನಲ್ಲಿ ಬಂದ. ಹಾರದಲ್ಲಿದ್ದ ಇರುವೆಗಳು ನನ್ನ ಕುತ್ತಿಗೆಗೆ ಇಳಿದು, ನಾನು ವಿಜಯ ಭಾಷಣವನ್ನು ಕೆರೆದುಕೊಳ್ಳುತ್ತಲೇ ಮಾಡಿ ಮುಗಿಸಿದೆ. ಅವನು ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟ. "ಲೀಡ್ರು" ಎಂದೇ ಕರೆದ. ಈಗಲೂ ಹಾಗೇ ಕರೆಯುತ್ತಾನೆ. ಸಂತೆಯ ನಡುವೆ ಹಾಗೆ ಕೂಗಿದರೆ ನಾಲ್ಕು ಜನ ನಿಜವಾದ ಲೀಡರುಗಳು ತಿರುಗಿ ನೋಡುತ್ತಾರೆ, ನಾನು ತರಕಾರಿ ಚೀಲ ಹಿಂದಕ್ಕೆ ಹಿಡಿದು ನಾಚುತ್ತೇನೆ.

ಆಮೇಲೆ ಮಂಡಲ ಪಂಚಾಯಿತಿ ಚುನಾವಣೆ ಬಂತು. ಎಮ್ಮೆಲ್ಲೆಯಾಗುವ ಏಣಿಗೆ ಇದೇ ಮೊದಲ ಮೆಟ್ಟಿಲು ಎಂದು ನಿಂತೆ. ನಾಗಮಲ್ಲ ಪ್ರಚಾರಕ್ಕೆಂದೇ ಗುಂಡ್ಲುಪೇಟೆ ಸಂತೆಯಲ್ಲಿ ಟೈರಿನ ಅಟ್ಟೆಯ ಹೊಸ ಮೆಟ್ಟು ಕೊಂಡ. ಅದು ನಡೆದರೆ ಕಿರ್ರೆನ್ನುತ್ತಿತ್ತು. ನಾವು ಬರುವುದು ಮುಂದಿನ ಬೀದಿಗೇ ಕೇಳಿಸಿ, ಓಟು ಕೊಡಲು ಮನಸ್ಸಿಲ್ಲದವರು ಹಿತ್ತಿಲಿಗೆ ಹೋಗಲು ಬೇಕಾದಷ್ಟು ಸಮಯ ಸಿಗುತ್ತಿತ್ತು. ನಾನು ಮನೆ ಮನೆ ಜಗುಲಿಯಲ್ಲಿ ನಿಂತು ಅಧಿಕಾರ ವಿಕೇಂದ್ರೀಕರಣದ ಬಗ್ಗೆ ಮಾತಾಡುತ್ತಿದ್ದೆ. ಒಂದು ಮನೆಯಲ್ಲಿ ಹಣ್ಣು ಮುದುಕಿಯೊಬ್ಬಳು ಪೂರ್ತಿ ಕೇಳಿಸಿಕೊಂಡು ಒಳಗಿದ್ದ ಸೊಸೆಗೆ, "ಚೆಂದಾಗಿ ಮಾತಾಡ್ತದ ಕಣಮ್ಮಿ ಈ ಮಗ, ಏನ್ ಬೇಕೂಂತ್ಲೇ ಗೊತ್ತಾಗ್ನಿಲ್ಲ. ಒಂದು ಮೊರ ರಾಗಿ ಕೊಟ್ಟು ಕಳ್ಸು ಪಾಪ" ಎಂದಳು. ಸೊಸೆ ಕೊಟ್ಟೇ ಬಿಟ್ಟಳು. ನಾಗಮಲ್ಲ ಟವಲು ಹಾಸಿ ಈಸಿಕೊಂಡ. ಆ ಚುನಾವಣೆಯಲ್ಲಿ ನನಗೆ ದಕ್ಕಿದ್ದು ಅದೊಂದೇ.

ಸೋತೆ. ನನ್ನ ಅವ್ವನ ತವರಿನವರೂ ನನಗೆ ಹಾಕಿರಲಿಲ್ಲ. ಗೆದ್ದವನೂ ನೆಂಟನೇ, ಮನೆ ಮನೆಗೆ ಹಾಲು ಕೊಡಲು ಅವನಿಗೆ ಹಸು ಇತ್ತು, ನನಗೆ ಭಾಷಣ ಇತ್ತು. ಮನೆಯಿಂದ ಹೊರಗೆ ಬರಲು ನಾಚಿಕೆಯಾಗಿ ಮೂಲೆ ಹಿಡಿದು ಕೂತವನನ್ನು ನಾಗಮಲ್ಲ ಸೈಕಲ್ ಹತ್ತಿಸಿಕೊಂಡು, "ನಡಿ ಲೀಡ್ರೇ, ಗೋಪಾಲಸ್ವಾಮಿ ಬೆಟ್ಟಕ್ಕ ಓಗನ" ಎಂದು ಹೊರಟ. ಅವನದು ಶಿವನ ಒಕ್ಕಲು. ಮಾದಪ್ಪನ ಬಿಟ್ಟು ಇಲ್ಲಿಗೇಕೋ ಎಂದರೆ, "ಮಾದಪ್ಪನ ಬೆಟ್ಟ ದೂರ ಕಣ್ಲಾ, ಸೈಕಲ್ ತುಳಿಯೋನು ನಾನು" ಎಂದ. ಹಂಗಳದ ಮೇಲೆ ಹೋಗಿ, ಬೆಟ್ಟದ ಬುಡದಲ್ಲಿ ಸೈಕಲ್ ಒರಗಿಸಿ ಹತ್ತಿದೆವು. ಮೇಲೆ ಮಂಜು ಮುಸುಕಿ ಗುಡಿಯ ಬಾಗಿಲೇ ಕಾಣುತ್ತಿರಲಿಲ್ಲ. ನಾನು ಮಂಜಿನಲ್ಲಿ ಅತ್ತೆ. ಅಳುವುದಕ್ಕೆ ಅಷ್ಟು ಅನುಕೂಲವಾದ ಜಾಗ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಗುಡಿಯಿಂದ ಹೊರಗೆ ಬಂದಾಗ ನಾಗಮಲ್ಲ ಬರಿಗಾಲಲ್ಲಿ ನಿಂತಿದ್ದ. "ಯಾರೋ ನನ್ ಮೆಟ್ಟು ಒಡ್ಕೊಂಡ್ ಓಗ್ಬುಟ್ರು ಕಣ್ಲಾ" ಎಂದ. ದೇವಸ್ಥಾನದಲ್ಲಿ ಮೆಟ್ಟು ಕಳೆದರೆ ಶನಿ ಕಳೆದ ಹಾಗೆ ಎನ್ನುತ್ತಾರಲ್ಲ, ನಾನೂ ಅದನ್ನೇ ಹೇಳಿ ಸಮಾಧಾನ ಮಾಡಿದೆ. ಕಿರ್ರೆನ್ನುವ ಶಬ್ದವಿಲ್ಲದೆ ಇಳಿದು ಬಂದದ್ದು ಮಾತ್ರ ಯಾಕೋ ಬಿಕೋ ಎನ್ನಿಸಿತ್ತು.

ಅಷ್ಟೆ ನನ್ನ ರಾಜಕೀಯ. ಆಮೇಲೆ ಬಿ.ಎಡ್. ಮಾಡಿದೆ, ಸರ್ಕಾರಿ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಸರ್ಕಾರಿ ನೌಕರ ಚುನಾವಣೆಗೆ ನಿಲ್ಲುವಂತಿಲ್ಲ, ಓಟಿನ ಪೆಟ್ಟಿಗೆ ಕಾಯಬಹುದು ಅಷ್ಟೆ. ಕಾದೆ. ನಾಗಮಲ್ಲ ಹಂಗಳದ ಪಕ್ಕದ ಹಳ್ಳಿಗೆ ಮನೆ ಅಳಿಯನಾಗಿ ಹೋಗಿ ಅರಿಸಿನ, ಚೆಂಡುಹೂವು ಬೆಳೆದ. ಓಣಂ ಕಾಲಕ್ಕೆ ಅವನ ಹೊಲದ ಮುಂದೆ ಕೇರಳದ ಕಾರುಗಳು ಸಾಲು ನಿಲ್ಲುತ್ತವೆ. ಫೋಟೋ ತೆಗೆಸಿಕೊಳ್ಳುವವರಿಗೆ ಅವನು "ಚೇಟ್ಟಾ, ಗಿಡ ತುಳೀಬ್ಯಾಡಿ" ಎಂದು ಎರಡು ಭಾಷೆ ಬೆರೆಸಿ ಕೂಗುತ್ತಾನೆ. ನಾನು ಹೋದಾಗಲೆಲ್ಲ ಅವನು ಬರಿಗಾಲಲ್ಲೇ ಇರುತ್ತಿದ್ದ. ಹೊಲದಲ್ಲಿ ಗೇಯುವವನ ಕಾಲು ಬರಿದಾಗಿದ್ದರೆ ಯಾರು ವಿಶೇಷವೆಂದು ನೋಡುತ್ತಾರೆ? ನಮ್ಮ ಮನೆಯ ಮದುವೆ ಮುಂಜಿಗೂ ಹಾಗೇ ಬಂದ. ನಾನು ಅವನನ್ನು "ಬೆಟ್ಟದಲ್ಲಿ ಮೆಟ್ಟು ಕಳಕೊಂಡೋನು" ಎಂದು ನೆಂಟರಿಗೆ ಪರಿಚಯಿಸಿ ನಗಿಸುತ್ತಿದ್ದೆ. ಅವನೂ ನಗುತ್ತಿದ್ದ.

ನಿವೃತ್ತಿಯಾದ ಮೇಲೆ ನನ್ನೊಳಗೆ ಹಳೆಯ ಹುಣಸೆ ಬೀಜ ಮತ್ತೆ ಮೊಳೆಯಿತು ಎಂದು ಹೇಳಿದರೆ ನೀವು ನಗಬಾರದು. ಎರಡು ಬಿಳಿ ಅಂಗಿ ಹೊಲಿಸಿದೆ. ಗೌರಿ ಅದಕ್ಕೆ ನೀಲಿ ಹಾಕುತ್ತ, "ಯಾರ ಮದುವೆಗೆ?" ಎಂದು ಕೇಳಿದಳು. ಒಂದು ದಿನ ಗುಂಡ್ಲುಪೇಟೆಯ ಮುಖಂಡರೊಬ್ಬರ ಮನೆಗೆ ಹೋಗಿ, ಬಾಗಿಲ ಮುಂದಿನ ರಾಶಿಯಲ್ಲಿ ನನ್ನ ಮೆಟ್ಟನ್ನೂ ಬಿಟ್ಟು ಬೆಂಚಿನ ಮೇಲೆ ಕೂತೆ. ನನ್ನ ಪಕ್ಕದಲ್ಲಿದ್ದವರೆಲ್ಲ ನನಗಿಂತ ಬೆಳ್ಳಗಿನ ಅಂಗಿ ಹಾಕಿ, ಮೊಬೈಲಿನಲ್ಲಿ ತಮ್ಮ ತಮ್ಮ ಫ್ಲೆಕ್ಸಿನ ಫೋಟೋ ನೋಡಿಕೊಳ್ಳುತ್ತಿದ್ದರು. ಕೈಮುಗಿದು ನಗುತ್ತಿರುವ ಫೋಟೋಗಳು. ಈಗ ರಾಜಕೀಯಕ್ಕೆ ಮಾತು ಬೇಡ, ಹಲ್ಲು ಇದ್ದರೆ ಸಾಕು. ಕೊನೆಗೆ ಮುಖಂಡರು ಹೊರಗೆ ಬಂದು ನನ್ನನ್ನು ಕಂಡು ಬಹಳ ಗೌರವದಿಂದ, "ಏನ್ ಮೇಷ್ಟ್ರೇ, ಮಗಳ ಟ್ರಾನ್ಸ್‌ಫರ್ರಾ?" ಎಂದರು. ನನಗೆ ಮಗಳೇ ಇಲ್ಲ. ಹೌದು ಸ್ವಾಮಿ ಎಂದು ಕೈಮುಗಿದು, ರಾಶಿಯಲ್ಲಿ ನನ್ನ ಮೆಟ್ಟು ಹುಡುಕಿಕೊಂಡು ಬಂದೆ. ಈ ವಿಷಯ ಗೌರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಇದಾದ ಸ್ವಲ್ಪ ದಿನಕ್ಕೆ ನಾಗಮಲ್ಲನ ಹೆಂಡತಿ ಚಿಕ್ಕತಾಯಮ್ಮ ಬೆಳಗಿನ ಬಸ್ಸಿಗೆ ನಮ್ಮ ಮನೆಗೆ ಬಂದಳು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಅವಳು ಆಗಾಗ ಹೂವು ಹಿಡಿದು ಬರುವುದುಂಟು. ಅಂದು ಹೂವಿರಲಿಲ್ಲ. ಕಾಫಿಯನ್ನೂ ಮುಟ್ಟದೆ ಕೂತು, ನಾಗಮಲ್ಲನಿಗೆ ಸಕ್ಕರೆ ಕಾಯಿಲೆ ಬಂದದ್ದು, ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದ ಗಾಯ ಮಾಗದೆ ಕೊಳೆತದ್ದು, ಚಾಮರಾಜನಗರದ ಡಾಕ್ಟರು ಒಂದು ಬೆರಳು ತೆಗೆದದ್ದು ಎಲ್ಲ ಹೇಳಿದಳು.

"ಇನ್ನೊಂದ್ ಕಿತ ಬರಿಗಾಲಲ್ಲಿ ತಿರುಗಿ ಗಾಯ ಮಾಡ್ಕೊಂಡ್ರ ಬೆರಳಲ್ಲ, ಪಾದನೇ ತಗೀಬೇಕಾಯ್ತದ ಅಂದವ್ರ. ಮೆತ್ತಗಿರೋ ಮೆಟ್ಟು ಬರ್ಕೊಟ್ರು. ತಂದು ಮಡಗಿವ್ನಿ. ಅದ್ನ ಮುಟ್ಟಲ್ಲ ಅಂತದ ಮನುಷ್ಯ."

"ಯಾಕಂತೆ?" ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹರಕೆ ಅಂತ. ಮದುವೆಲಿ ನಮ್ಮಪ್ಪ ಕೊಟ್ಟ ಮೆಟ್ಟೂ ಇನ್ನೂವ ಅಟ್ಟದಲ್ಲೇ ಒಣಗ್ತಾ ಅದ. ಇಷ್ಟು ವರ್ಸ ಬಾಯ್ ಬುಟ್ಟಿರ್ನಿಲ್ಲ. ಈಗ ನಾ ಅತ್ತು ಕರೆದು ಕೇಳಿದ್ಕ ಏಳಿದ. ನೀವು ಎಮ್ಮೆಲ್ಲೆ ಆಗೋಗಂಟ ಕಾಲ್ಗ ಮೆಟ್ಟು ಆಕಲ್ಲ ಅಂತ ಗೋಪಾಲಸ್ವಾಮಿ ಮುಂದ ಏಳ್ಕೊಂಡದಂತ. ಆವತ್ತೇ ಮೆಟ್ಟ ಗುಡಿ ಹಿಂದ್ಲ ಪೊದೆಗ ಎಸ್ದು ಬಂದದಂತ."

ಗೌರಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮೆಟ್ಟು ಕಳಕೊಂಡೋನು ಎಂದು ನಾನು ನೆಂಟರನ್ನು ನಗಿಸಿದ ಸಲಗಳೆಲ್ಲ ಒಟ್ಟಿಗೆ ಎದುರು ಬಂದು ನಿಂತವು. ಆಗ ಚಿಕ್ಕತಾಯಮ್ಮ ಎರಡೂ ಕೈ ಮುಗಿದು ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯಲಾರೆ.

"ಮೇಷ್ಟ್ರೇ, ನಿಮ್ ಕಾಲ್ಗ ಬೀಳ್ತಿನಿ. ಬೇಗ್ನ ಎಮ್ಮೆಲ್ಲೆ ಆಗ್ಬುಡಿ."

ಲೋಕದಲ್ಲಿ ಎಷ್ಟೋ ಜನರನ್ನು ಎಷ್ಟೋ ಜನ ಎಮ್ಮೆಲ್ಲೆಯಾಗಿ ಎಂದು ಕೇಳಿರಬಹುದು. ಇಷ್ಟು ನಿಜವಾಗಿ, ಇಷ್ಟು ಅವಸರದಿಂದ ಯಾರೂ ಯಾರನ್ನೂ ಕೇಳಿರಲಾರರು.

ಅಂದೇ ನಾನೂ ಗೌರಿಯೂ ಅವಳ ಜೊತೆ ಹೊರಟೆವು. ನಾಗಮಲ್ಲ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ. ಕಾಲಿಗೆ ಬಟ್ಟೆ ಸುತ್ತಿತ್ತು. ಹೆಂಡತಿಯ ಹಿಂದೆ ನಾನು ಬಂದದ್ದು ನೋಡಿ ಅವನಿಗೆ ಎಲ್ಲ ತಿಳಿಯಿತು.

"ಏಳ್ಬುಟ್ಟಳಾ?" ಎಂದ.

"ಎದ್ದೇಳು. ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬರೋಣ" ಎಂದೆ. ಹರಕೆ ತೀರಿಸಲಾಗದವರು ದೇವರ ಮುಂದೆ ತಪ್ಪು ಒಪ್ಪಿಕೊಂಡು ಕಾಣಿಕೆ ಕಟ್ಟಿ ಬಿಡುಗಡೆ ಕೇಳುವುದು ನಮ್ಮಲ್ಲಿ ಇದ್ದದ್ದೇ. ಕಾಲು ಉಳಿಯಲಿ ಎಂದರೆ ಯಾವ ದೇವರು ಬೇಡ ಎನ್ನುತ್ತಾನೆ?

ನಾಗಮಲ್ಲ ತಲೆಯಾಡಿಸಿದ. "ಆಗಲ್ಲ. ನಾ ತಪ್ಪುಕಾಣಿಕೆ ಆಕ್ಬುಟ್ರ ನೀ ಆಗಲ್ಲ ಅಂತ ನಾನೇ ದೇವ್ರಿಗ ಏಳ್ದಂಗ ಆಯ್ತಲ್ಲಾ."

"ನಾನು ಆಗೋದಿಲ್ಲ ಕಣೋ. ನನ್ನ ತಲೆ ನೋಡು, ಎಲ್ಲ ಬೆಳ್ಳಗಾಗಿದೆ."

"ಅಲ್ಲಿ ಇರೋರ್ದೆಲ್ಲ ಏನು ಕರ್ರಗಿದ್ದದಾ? ಬಣ್ಣ ಬಳ್ಕೊಂಡವ್ರ ಅಷ್ಟಯ. ನೀ ನೌಕ್ರಿಲಿ ಇದ್ದೆ, ನಿಂತ್ಕೊಳಕ್ಕ ಆಗ್ತಿರ್ನಿಲ್ಲ. ನಿನ್ ರಿಟೈರ್‌ಮೆಂಟ್‌ಗೇ ನಾ ಕಾಯ್ತಾ ಇದ್ದದ್ದು. ಈಗ ತಾನ ಬುಡುಗಡೆ ಆಗಿದ್ದಯಿ. ಈಗ ಓಗಿ ಬ್ಯಾಡ ಅನ್ನನಾ?"

ನನ್ನ ಆಸೆಯನ್ನು ನಾನೇ ಟ್ರಂಕಿನೊಳಗೆ ಹಾಕಿ ಮರೆತಿದ್ದಾಗ, ಇವನು ಅದನ್ನು ಹಂಗಳದ ಬಿಸಿಲಲ್ಲಿ, ಮುಳ್ಳಲ್ಲಿ, ದಿನಾ ಹೊತ್ತುಕೊಂಡು ತಿರುಗಿದ್ದಾನೆ. ಪಕ್ಷಗಳು ಒಡೆದು ಕೂಡಿ, ಧ್ವಜಗಳು ಬದಲಾಗಿ, ನಿನ್ನೆ ಬೈದುಕೊಂಡವರು ಇಂದು ಒಂದೇ ಫ್ಲೆಕ್ಸಿನಲ್ಲಿ ಹಲ್ಲುಬಿಟ್ಟು ನಿಂತಿರುವ ಈ ಕಾಲದಲ್ಲಿ, ಒಂದು ಓಟೂ ಇಲ್ಲದ ನನ್ನ ಪಕ್ಷದಲ್ಲಿ ಒಬ್ಬ ಕಾರ್ಯಕರ್ತ ಅಲುಗಾಡದೆ ಉಳಿದಿದ್ದ. ಅವನ ಕಾಲು ಕೊಳೆಯುತ್ತಿತ್ತು.

ಅವನ ಪಕ್ಕದಲ್ಲಿ ಕೂತು ಹೇಳಿದೆ, "ಹರಕೆ ನಿಂದು, ಸರಿ. ಆಸೆ ನಂದು ತಾನೆ? ನನ್ನ ಆಸೆ ನಾನೇ ಬಿಡ್ತೀನಿ. ತಪ್ಪುಕಾಣಿಕೆ ನಾನು ಕಟ್ತೀನಿ, ನೀನು ಬಾಯಿ ಬಿಡಬೇಡ. ಬರಿ ಪಕ್ಕದಲ್ಲಿ ನಿಂತಿರು."

ಅವನು ನನ್ನ ಮುಖ ನೋಡಿದ. "ನಿಜವಾಗ್ಲೂ ಬುಡ್ತೀಯಾ? ಆಸೆ ಇಲ್ವಾ ಒಳಗ?"

"ಇಲ್ಲ" ಎಂದೆ. ನಾನು ತೊಟ್ಟಿದ್ದ ಬಿಳಿ ಅಂಗಿಯ ಮೇಲೆ ಗೌರಿ ಹಾಕಿದ ನೀಲಿ ಇನ್ನೂ ಹೊಳೆಯುತ್ತಿತ್ತು. ಅವನು ಅದನ್ನೂ ನೋಡಿ, ಗೋಡೆ ಹಿಡಿದು ಎದ್ದ.

ಈಗ ಬೆಟ್ಟಕ್ಕೆ ಯಾರ ಗಾಡಿಯನ್ನೂ ಬಿಡುವುದಿಲ್ಲ. ಬುಡದಲ್ಲಿ ಇಳಿದು ಸರ್ಕಾರಿ ಬಸ್ಸೇ ಹತ್ತಬೇಕು. ನಾಲ್ವರೂ ಹೋದೆವು. ಚಿಕ್ಕತಾಯಮ್ಮ ಹೊಸ ಮೆಟ್ಟಿನ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕೆಳಗಿನ ಹುಲ್ಲಿನಲ್ಲಿ ಆನೆ ಕಂಡವೆಂದು ಬಸ್ಸಿನವರೆಲ್ಲ ಒಂದು ಕಡೆಗೆ ವಾಲಿದರು, ನಾವು ವಾಲಲಿಲ್ಲ. ಮೇಲೆ ಅದೇ ಮಂಜು. ಅರ್ಚಕರು ಹೊಸಬರು, ಹುಡುಗ ವಯಸ್ಸಿನವರು. ಹಳದಿ ಬಟ್ಟೆಯಲ್ಲಿ ಕಟ್ಟಿದ ಕಾಣಿಕೆ ಕೊಟ್ಟಾಗ, "ತಪ್ಪು ಏನೂಂತ ಹೇಳಿ ಒಪ್ಪಿಸಿ" ಎಂದರು.

ಸುಲಭ ಎಂದುಕೊಂಡಿದ್ದೆ. ಜೀವಮಾನವಿಡೀ ಭಾಷಣ ಮಾಡಿದವನಿಗೆ ಒಂದು ವಾಕ್ಯ ಏನು ಮಹಾ? ಬಾಯಿ ತೆರೆದೆ. ಹುಣಸೆ ಬೀಜ, ಹಳಿ ಮುಗಿಯುವ ಜಾಗ, ಕುತ್ತಿಗೆಗೆ ಇಳಿದ ಇರುವೆ ಎಲ್ಲ ನೆನಪಾಯಿತು. ಇಷ್ಟು ವಯಸ್ಸಾದ ಮೇಲೂ, ಆಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದ ಮೇಲೂ, ಬಿಡುವುದು ಇಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿ ನಾಗಮಲ್ಲ ಕಣ್ಣು ಮುಚ್ಚಿ ನಿಂತಿದ್ದ. ಬಟ್ಟೆ ಸುತ್ತಿದ ಕಾಲು ತಣ್ಣನೆಯ ಕಲ್ಲಿನ ಮೇಲಿತ್ತು. ಆ ಕಾಲನ್ನೇ ನೋಡುತ್ತ, "ಎಮ್ಮೆಲ್ಲೆ ಆಗೋ ಆಸೆ ಬಿಟ್ಟೆ ಸ್ವಾಮಿ. ನನ್ನ ಸ್ನೇಹಿತನ ಹರಕೆ ಬಿಟ್ಟುಬಿಡು" ಎಂದೆ.

ಅರ್ಚಕರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. "ಇಲ್ಲಿಗೆ ಟಿಕೆಟ್ ಕೇಳಕ್ಕೆ ಬರ್ತಾರೆ, ಮಂತ್ರಿ ಮಾಡು ಅನ್ನಕ್ಕೂ ಬರ್ತಾರೆ. ಬೇಡ ಅನ್ನಕ್ಕೆ ಬಂದೋರು ನೀವೇ ಮೊದಲು" ಎಂದು ತೀರ್ಥ ಕೊಟ್ಟರು. ಗೌರಿ ನನ್ನ ಕಣ್ಣು ಒದ್ದೆಯಾದದ್ದು ನೋಡಿಯೂ ಅದನ್ನು ಮಂಜಿನ ಮೇಲೆ ಹಾಕಿದಳು.

ಹೊರಗೆ ಬಂದು ಚಿಕ್ಕತಾಯಮ್ಮ ಚೀಲ ಬಿಚ್ಚಿದಳು. ನಾಗಮಲ್ಲ ನನ್ನ ಹೆಗಲು ಹಿಡಿದು ಒಂದೊಂದೇ ಕಾಲು ತೂರಿಸಿದ. ಹೆಜ್ಜೆ ಇಟ್ಟ. ಹೊಸ ಲಾಳ ಕಟ್ಟಿಸಿಕೊಂಡ ಎತ್ತಿನ ಹಾಗೆ ಕಾಲನ್ನು ಎತ್ತೆತ್ತಿ ಇಟ್ಟು ನಾಲ್ಕು ಮಾರು ಹೋಗಿ ನಿಂತ.

"ನೆಲನೇ ಗೊತ್ತಾಗ್ನಿಲ್ಲ ಕಣ್ಲಾ" ಎಂದ.

"ಎಮ್ಮೆಲ್ಲೆ ಆದೋರಿಗೂ ಹಾಗೇ ಆಗೋದು. ರೂಢಿಯಾಗುತ್ತೆ" ಎಂದೆ.

ಅವನು ನಕ್ಕ. ನಗುತ್ತಲೇ ಗುಡಿಯ ಹಿಂದಿನ ಪೊದೆಗಳ ಕಡೆ ಒಂದು ಸಲ ತಿರುಗಿ ನೋಡಿದ, ಆ ಟೈರಿನ ಮೆಟ್ಟು ಇನ್ನೂ ಅಲ್ಲಿ ಬಿದ್ದಿದೆಯೇನೋ ಎಂಬಂತೆ. ಆಮೇಲೆ ನಾವು ಬಸ್ಸು ಹತ್ತಿದೆವು.

ಗಾಯ ಮಾಗಿತು. ಡಾಕ್ಟರು ಈಗ ಬಯ್ಯುವುದಿಲ್ಲವಂತೆ. ನನ್ನ ಬಿಳಿ ಅಂಗಿಗಳಲ್ಲಿ ಒಂದನ್ನು ಗೌರಿ ತಲೆದಿಂಬಿಗೆ ಗವಸು ಮಾಡಿದಳು, ಇನ್ನೊಂದನ್ನು ಯಾಕೋ ಮಡಿಸಿ ಇಟ್ಟಿದ್ದಾಳೆ.

ಮೊನ್ನೆ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಕರಿಬೇವಿಗೆ ನೀರು ಹಾಕುತ್ತಿದ್ದಾಗ ನಡುಮನೆಯಿಂದ, "ಲೀಡ್ರೇ" ಎಂಬ ಕೂಗು ಕೇಳಿಸಿತು. ಹೋಗಿ ನೋಡಿದರೆ ನಾಗಮಲ್ಲ ಕುರ್ಚಿಯಲ್ಲಿ ಕೂತು ಗೌರಿ ಕೊಟ್ಟ ಸಕ್ಕರೆಯಿಲ್ಲದ ಕಾಫಿಯನ್ನು ಮುಖ ಕಿವುಚಿಕೊಂಡು ಕುಡಿಯುತ್ತಿದ್ದ.

"ಪಂಚಾಯ್ತಿ ಎಲೆಕ್ಷನ್ ಬತ್ತದಂತಲ್ಲಾ" ಎಂದ.

"ಬಂದರೆ?"

"ಏನಿಲ್ಲ. ಈಗ ನಂಗ ಮೆಟ್ಟದ. ಮನ ಮನ ತಿರುಗಕ್ಕ ಕಾಲು ನೋಯಲ್ಲ." ಇಷ್ಟು ಹೇಳಿ ಲೋಟದೊಳಗೆ ಮುಖ ಮುಚ್ಚಿಕೊಂಡ.

"ಸುಮ್ಮನೆ ಕಾಫಿ ಕುಡಿ" ಎಂದು ಗದರಿ, ಪತ್ರಿಕೆ ಬಂದಿದೆಯೇ ನೋಡುವ ನೆವದಲ್ಲಿ ಬಾಗಿಲಿಗೆ ಬಂದೆ. ಅವನ ಎದುರಿಗೆ ಕಣ್ಣೀರು ಹಾಕಲು ಅಲ್ಲಿ ಮಂಜು ಇರಲಿಲ್ಲ.

ಮೆಟ್ಟಿಲ ಮೇಲೆ ನನ್ನ ಮೆಟ್ಟು, ಗೌರಿಯ ಮೆಟ್ಟು, ಅವುಗಳ ಪಕ್ಕದಲ್ಲಿ ಇನ್ನೊಂದು ಜೊತೆ. ಹಿಮ್ಮಡಿ ಆಗಲೇ ಸವೆದಿತ್ತು, ಒಂದರಲ್ಲಿ ಬೆರಳಿಲ್ಲದ ಕಡೆ ಗುರುತು ಬಿದ್ದಿರಲಿಲ್ಲ. ಇಷ್ಟು ವರ್ಷ ಅವನು ಈ ಬಾಗಿಲಿಗೆ ಬಂದಿದ್ದಾನೆ, ಅವನ ಮೆಟ್ಟು ಬಂದಿರಲಿಲ್ಲ. ಬಿಸಿಲು ಮೆಟ್ಟಿಲಿಗೆ ಬರುತ್ತಿತ್ತು. ಕಾದ ಮೆಟ್ಟಿಗೆ ಕಾಲಿಟ್ಟರೆ ಬೊಬ್ಬೆ ಎದ್ದು ಮತ್ತೆ ಗಾಯವಾದೀತು ಎಂದು ಬಗ್ಗಿ, ಆ ಎರಡನ್ನೂ ಕೈಯಲ್ಲಿ ಎತ್ತಿ ನೆರಳಿಗೆ ಇಟ್ಟೆ.